ಮಾತು ಎಣಿಸಿದ ಪ್ರೊಫೆಸರ್

1942ನೇ ಇಸವಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ವಿಲಿಯಂ ಡಡ್ಲಿ ಪೆಲ್ಲಿ ಎಂಬವನ ವಿಚಾರಣೆ ನಡೆದಿತ್ತು. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ ಮರುದಿನವೇ ಅಮೆರಿಕದಲ್ಲಿ ‘ಸಿಲ್ವರ್ ಶರ್ಟ್ಸ್’ ಎಂಬ ಸಂಘಟನೆ ಹುಟ್ಟುಹಾಕಿದವನು ಅವನು. ‘ದಿ ಗೆಲಿಲಿಯನ್’ ಎಂಬ ಪತ್ರಿಕೆಯನ್ನೂ ಹೊರಡಿಸುತ್ತಿದ್ದ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಅಮೆರಿಕ ಯುದ್ಧಕ್ಕಿಳಿದ ಮೇಲೂ ಅವನ ಬರಹದ ನಾಜಿ ಪರ ಧಾಟಿ ಬದಲಾಗಲಿಲ್ಲ. ಸರ್ಕಾರ 1917ರ ಬೇಹುಗಾರಿಕೆ ಕಾಯ್ದೆಯಡಿ ಅವನನ್ನು ಕಟಕಟೆಗೆ ಎಳೆಯಿತು.

ಸರ್ಕಾರದ ಪರ ಸಾಕ್ಷಿ ಹೇಳಲು ಬಂದವರಲ್ಲಿ ನಲವತ್ತು ವರ್ಷದ ಒಬ್ಬ ರಾಜ್ಯಶಾಸ್ತ್ರಜ್ಞರಿದ್ದರು. ಪೆಲ್ಲಿ ಗೂಢಚಾರರನ್ನು ಭೇಟಿಯಾದದ್ದನ್ನು ಅವರು ಕಂಡಿರಲಿಲ್ಲ, ಅವನಿಗೆ ಹಣ ಎಲ್ಲಿಂದ ಬಂತೆಂದು ಹುಡುಕಿದವರೂ ಅಲ್ಲ. ಅವರು ಮಾಡಿದ್ದು ಓದುವ ಮತ್ತು ಎಣಿಸುವ ಕೆಲಸ. ನಾಜಿ ಪ್ರಚಾರದಲ್ಲಿ ಮತ್ತೆ ಮತ್ತೆ ಬರುವ 14 ವಸ್ತುಗಳ ಪಟ್ಟಿಯೊಂದು ಸಿದ್ಧವಾಗಿತ್ತು: ಅಮೆರಿಕ ಒಳಗಿನಿಂದಲೇ ಕೆಟ್ಟಿದೆ, ಅದರ ಅಧ್ಯಕ್ಷ ಖಂಡನಾರ್ಹ, ಬ್ರಿಟನ್ನಿನ ವಿದೇಶಾಂಗ ನೀತಿ ಅನ್ಯಾಯದ್ದು, ಜರ್ಮನಿ ನ್ಯಾಯವಂತ ದೇಶ, ಜಗತ್ತಿಗೆ ಯಹೂದಿಗಳಿಂದ ಮತ್ತು ಕಮ್ಯುನಿಸ್ಟರಿಂದ ಅಪಾಯವಿದೆ, ಹೀಗೆ. ಪೆಲ್ಲಿಯ ಪತ್ರಿಕೆಯ ಒಂದೊಂದು ಹೇಳಿಕೆಯನ್ನೂ ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಲಾಗಿತ್ತು. ಪಟ್ಟಿಗೆ ಹೊಂದುವ ಹೇಳಿಕೆಗಳು 1,195. ಅದಕ್ಕೆ ವಿರುದ್ಧವಾದವು 45. ಪೆಲ್ಲಿಗೆ 15 ವರ್ಷ ಜೈಲಾಯಿತು. ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಆ ಸಾಕ್ಷಿಯ ಹೆಸರು ಹೆರಾಲ್ಡ್ ಡ್ವೈಟ್ ಲಾಸ್‌ವೆಲ್. ಕರ್ನಾಟಕದಲ್ಲಿ ಪತ್ರಿಕೋದ್ಯಮ ಓದಿದವರಿಗೆ ಈ ಹೆಸರು ಹೊಸದಲ್ಲ. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ, ಯಾವ ಪರಿಣಾಮದೊಂದಿಗೆ ಹೇಳುತ್ತಾರೆ ಎಂಬ ಐದು ಪ್ರಶ್ನೆಗಳ ಸೂತ್ರವನ್ನು ಮೊದಲ ಸೆಮಿಸ್ಟರಿನಲ್ಲೇ ಕಂಠಪಾಠ ಮಾಡಿರುತ್ತಾರೆ. ಪರೀಕ್ಷೆಗೆ ಐದು ಅಂಕದ ಖಚಿತ ಪ್ರಶ್ನೆ ಅದು. ಆದರೆ ಆ ಸೂತ್ರ ಯಾವ ಹೊತ್ತಿನಲ್ಲಿ, ಯಾರ ಹಣದಲ್ಲಿ, ಯಾವ ಅಗತ್ಯಕ್ಕಾಗಿ ಹುಟ್ಟಿತು, ಅದನ್ನು ರೂಪಿಸಿದವರು ಹಗಲೆಲ್ಲ ಯಾವ ಕಚೇರಿಯಲ್ಲಿ ಕೂತಿರುತ್ತಿದ್ದರು ಎಂಬುದನ್ನು ತರಗತಿಯಲ್ಲಿ ಹೇಳುವುದು ಕಡಿಮೆ. ಹೇಳಬೇಕಾದ ಕಥೆ ಅದು. ಪ್ರಚಾರವನ್ನು ಅಧ್ಯಯನ ಮಾಡುವ ವಿದ್ಯೆ ಜನರ ಕಣ್ಣು ತೆರೆಸುವ ವಿದ್ಯೆಯಾಗಿ ಬೆಳೆಯಬಹುದಿತ್ತು, ಸರ್ಕಾರದ ಕಣ್ಗಾವಲಿನ ಸಾಧನವಾಗಿಯೂ ಬೆಳೆಯಬಹುದಿತ್ತು. ಅದು ಎರಡನೆಯ ದಾರಿ ಹಿಡಿದದ್ದು ಹೇಗೆ ಎಂಬುದಕ್ಕೆ ಲಾಸ್‌ವೆಲ್ ಅವರ ವೃತ್ತಿಜೀವನದಷ್ಟು ಸ್ಪಷ್ಟವಾದ ದಾಖಲೆ ಮತ್ತೊಂದಿಲ್ಲ.

ಲಾಸ್‌ವೆಲ್ ಹುಟ್ಟಿದ್ದು 1902ರಲ್ಲಿ, ಇಲಿನಾಯ್ ರಾಜ್ಯದ ಡೊನೆಲ್‌ಸನ್ ಎಂಬ ಸಣ್ಣ ಊರಿನಲ್ಲಿ. ತಂದೆ ಪ್ರೆಸ್ಬಿಟೇರಿಯನ್ ಪಾದ್ರಿ, ತಾಯಿ ಶಾಲಾ ಶಿಕ್ಷಕಿ. ಹದಿನಾರನೇ ವಯಸ್ಸಿಗೇ ವಿದ್ಯಾರ್ಥಿವೇತನ ಪಡೆದು ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅದು 1918. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ವರ್ಷ.

ಆ ಯುದ್ಧದಲ್ಲಿ ಫಿರಂಗಿಗಳ ಜೊತೆಗೆ ಅಚ್ಚುಮೊಳೆಗಳೂ ಹೋರಾಡಿದ್ದವು. ಬ್ರಿಟನ್ ಲಂಡನ್ನಿನ ವೆಲಿಂಗ್ಟನ್ ಹೌಸ್‌ನಲ್ಲಿ ಗುಟ್ಟಾಗಿ ಒಂದು ಪ್ರಚಾರ ಕಚೇರಿ ತೆರೆದಿತ್ತು. ಬೆಲ್ಜಿಯಂನಲ್ಲಿ ಜರ್ಮನ್ ಸೈನಿಕರು ಎಸಗಿದರೆನ್ನಲಾದ ಕ್ರೌರ್ಯಗಳ ಕುರಿತ ಬ್ರೈಸ್ ವರದಿ 1915ರ ಮೇ ತಿಂಗಳಲ್ಲಿ ಹೊರಬಂದು, ಮೂವತ್ತರಷ್ಟು ಭಾಷೆಗಳಿಗೆ ಅನುವಾದವಾಗಿ ಜಗತ್ತನ್ನು ಸುತ್ತಿತು. ಅಮೆರಿಕ 1917ರ ಏಪ್ರಿಲ್‌ನಲ್ಲಿ ಯುದ್ಧ ಸೇರಿದ ಕೆಲವೇ ದಿನಗಳಲ್ಲಿ ಪತ್ರಕರ್ತ ಜಾರ್ಜ್ ಕ್ರೀಲ್ ನೇತೃತ್ವದಲ್ಲಿ ಸಾರ್ವಜನಿಕ ಮಾಹಿತಿ ಸಮಿತಿ ರಚನೆಯಾಯಿತು. ಸಿನಿಮಾ ಮಂದಿರಗಳಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದ ಬಿಡುವಿನಲ್ಲಿ ಎದ್ದು ನಿಂತು ಯುದ್ಧದ ಪರ ಭಾಷಣ ಮಾಡಲು ಸುಮಾರು 75,000 ಸ್ವಯಂಸೇವಕರನ್ನು ಅದು ತಯಾರು ಮಾಡಿತು. ಅದೇ ಸಮಿತಿ ಇಟಲಿಯ ಜನರನ್ನು ಹುರಿದುಂಬಿಸಲು 1918ರಲ್ಲಿ ರೋಮ್‌ಗೆ ಕಳಿಸಿದ್ದು ಷಿಕಾಗೊದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಚಾರ್ಲ್ಸ್ ಮೆರಿಯಮ್ ಅವರನ್ನು. ಲಾಸ್‌ವೆಲ್ ಅವರಿಗೆ ಮುಂದೆ ಗುರುವಾದವರು ಇವರೇ. ಪ್ರಚಾರದ ಪಾಠ ಶಿಷ್ಯನಿಗೆ ಸಿಕ್ಕಿದ್ದು ಆ ಕೆಲಸವನ್ನು ಸ್ವತಃ ಮಾಡಿ ಬಂದವರ ಬಾಯಿಂದ.

ಯುದ್ಧ ಮುಗಿದ ಮೇಲೆ ಜನರಿಗೆ ತಾವು ನಂಬಿದ್ದರಲ್ಲಿ ಎಷ್ಟು ಸುಳ್ಳಿತ್ತೆಂದು ಒಂದೊಂದಾಗಿ ತಿಳಿಯತೊಡಗಿತು. ಜರ್ಮನರು ತಮ್ಮದೇ ಸೈನಿಕರ ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಾರೆಂದು 1917ರಲ್ಲಿ ಬ್ರಿಟಿಷ್ ಪತ್ರಿಕೆಗಳು ಬರೆದಿದ್ದವು. ಆ ಸುದ್ದಿಗೆ ಬುಡವಿಲ್ಲವೆಂಬುದನ್ನು 1925ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಆಸ್ಟೆನ್ ಚೇಂಬರ್ಲಿನ್ ಸಂಸತ್ತಿನಲ್ಲೇ ಒಪ್ಪಿಕೊಳ್ಳಬೇಕಾಯಿತು. ಮೋಸಹೋದೆವೆಂಬ ಸಿಟ್ಟು ಹೊಗೆಯಾಡುತ್ತಿದ್ದ ಇದೇ ವರ್ಷಗಳಲ್ಲಿ ಲಾಸ್‌ವೆಲ್ ಲಂಡನ್, ಪ್ಯಾರಿಸ್, ಬರ್ಲಿನ್, ಜಿನೀವಾ ಸುತ್ತಿ, ಯುದ್ಧಕಾಲದಲ್ಲಿ ಕರಪತ್ರ ಬರೆದವರನ್ನು ಮಾತಾಡಿಸಿ, ಅವರ ಕಡತಗಳನ್ನು ಓದಿ ಪಿಎಚ್‌ಡಿ ಪ್ರಬಂಧ ಸಿದ್ಧಪಡಿಸಿದರು. 1927ರಲ್ಲಿ ಅದು ‘ಪ್ರೊಪಗ್ಯಾಂಡಾ ಟೆಕ್ನಿಕ್ ಇನ್ ದಿ ವರ್ಲ್ಡ್ ವಾರ್’ ಎಂಬ ಪುಸ್ತಕವಾಯಿತು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಪುಸ್ತಕದ ವಿಶೇಷ ಅದರ ತಣ್ಣಗಿನ ಧಾಟಿ. ಪ್ರಚಾರ ಕೆಟ್ಟದ್ದೆಂದು ಅದು ಬೈಯುವುದಿಲ್ಲ. ಯುದ್ಧಕಾಲದ ಪ್ರಚಾರಕ್ಕೆ ನಾಲ್ಕು ಗುರಿಗಳಿವೆ ಎನ್ನುತ್ತದೆ: ಶತ್ರುವಿನ ಮೇಲೆ ದ್ವೇಷ ಹುಟ್ಟಿಸುವುದು, ಮಿತ್ರರ ಸ್ನೇಹ ಕಾಪಾಡುವುದು, ತಟಸ್ಥ ದೇಶಗಳನ್ನು ಒಲಿಸಿಕೊಳ್ಳುವುದು, ಶತ್ರುವಿನ ಜನರ ಎದೆಗುಂದಿಸುವುದು. ಆಮೇಲೆ ಒಂದೊಂದನ್ನೂ ಹೇಗೆ ಸಾಧಿಸಿದರೆಂದು ಬಿಡಿಸಿಡುತ್ತದೆ. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ. ಬ್ರಿಟಿಷ್ ನರ್ಸ್ ಈಡಿತ್ ಕ್ಯಾವೆಲ್ ಅವರನ್ನು ಜರ್ಮನರು 1915ರಲ್ಲಿ ಗುಂಡಿಟ್ಟು ಕೊಂದಾಗ ಮಿತ್ರರಾಷ್ಟ್ರಗಳು ಅದನ್ನು ಜಗತ್ತಿನ ತುಂಬ ಸಾರಿದವು. ಸ್ವಲ್ಪ ಕಾಲದಲ್ಲೇ ಫ್ರೆಂಚರು ಜರ್ಮನಿಯ ಇಬ್ಬರು ನರ್ಸ್‌ಗಳನ್ನು ಬಹುಮಟ್ಟಿಗೆ ಅಂಥದೇ ಆರೋಪದ ಮೇಲೆ ಕೊಂದರು. ಇದನ್ನು ನೀವೇಕೆ ಬಳಸಿಕೊಳ್ಳುತ್ತಿಲ್ಲ ಎಂದು ಅಮೆರಿಕದ ಪತ್ರಕರ್ತರೊಬ್ಬರು ಜರ್ಮನಿಯ ಪ್ರಚಾರಾಧಿಕಾರಿಯನ್ನು ಕೇಳಿದರೆ, ಆತ ಬೆರಗಾಗಿ, ಫ್ರೆಂಚರಿಗೆ ಹಾಗೆ ಮಾಡುವ ಪೂರ್ಣ ಹಕ್ಕಿತ್ತಲ್ಲ ಎಂದನಂತೆ. ಕಾನೂನು ನೋಡುವ ಸೈನಿಕನ ಬುದ್ಧಿಗೂ ಜನರ ಮನಸ್ಸು ನೋಡುವ ಪ್ರಚಾರಕನ ಬುದ್ಧಿಗೂ ಇರುವ ಅಂತರ ಲಾಸ್‌ವೆಲ್ ಅವರಿಗೆ ಅಲ್ಲಿ ಕಂಡಿತು.

ಓದಿದವರಲ್ಲಿ ಕೆಲವರು ಬೆಚ್ಚಿದರು. ಫಾಸ್ಟರ್ ರೀ ಡಲ್ಲೆಸ್ ಎಂಬ ವಿಮರ್ಶಕರು ಇದನ್ನು ಮ್ಯಾಕಿಯವೆಲ್ಲಿಯ ಜಾಡಿನ ಪಠ್ಯಪುಸ್ತಕವೆಂದು ಕರೆದು, ಕೂಡಲೇ ನಾಶಪಡಿಸಬೇಕೆಂದೇ ಬರೆದರು. ಅವರ ಆತಂಕ ಬರಿಯ ಉತ್ಪ್ರೇಕ್ಷೆಯಾಗಿರಲಿಲ್ಲ. ಮೋಸಹೋಗದಂತೆ ಎಚ್ಚರಿಸುವ ಪುಸ್ತಕವನ್ನೇ ಮೋಸಮಾಡಲು ಕಲಿಯುವ ಕೈಪಿಡಿಯಾಗಿಯೂ ಓದಬಹುದಿತ್ತು.

ಷಿಕಾಗೊದಲ್ಲಿ ಪಾಠ ಹೇಳುತ್ತಲೇ ಲಾಸ್‌ವೆಲ್ ಮನಸ್ಸಿನ ಕಡೆಗೆ ಹೊರಳಿದರು. ಬರ್ಲಿನ್ನಿಗೆ ಹೋಗಿ ಫ್ರಾಯ್ಡ್ ಅವರ ಶಿಷ್ಯ ಥಿಯೊಡರ್ ರೀಕ್ ಅವರ ಬಳಿ ಮನೋವಿಶ್ಲೇಷಣೆ ಮಾಡಿಸಿಕೊಂಡು ಬಂದರು. ವಿಶ್ವವಿದ್ಯಾಲಯದ ತಮ್ಮ ಕೋಣೆಯಲ್ಲೇ ಪುಟ್ಟ ಪ್ರಯೋಗಾಲಯ ಮಾಡಿಕೊಂಡು, ಸ್ವಯಂಸೇವಕರು ಮಾತಾಡುತ್ತಿರುವಾಗ ಅವರ ನಾಡಿಬಡಿತವನ್ನೂ ಚರ್ಮದ ವಿದ್ಯುತ್ ವಾಹಕತೆಯನ್ನೂ ಅಳೆದರು. 1930ರಲ್ಲಿ ‘ಸೈಕೋಪೆಥಾಲಜಿ ಅಂಡ್ ಪಾಲಿಟಿಕ್ಸ್’ ಬಂತು. 1936ರಲ್ಲಿ ಬಂದ ಪುಸ್ತಕ ರಾಜಕಾರಣವೆಂದರೆ ಯಾರಿಗೆ ಏನು, ಯಾವಾಗ, ಹೇಗೆ ದಕ್ಕುತ್ತದೆ ಎಂಬ ವಿಚಾರ ಎಂದಿತು. ಆ ಮಾತು ಇವತ್ತಿಗೂ ರಾಜ್ಯಶಾಸ್ತ್ರದ ಪಾಠಗಳಲ್ಲಿ ಬರುತ್ತದೆ. ಆರ್ಥಿಕ ಕುಸಿತದ ವರ್ಷಗಳಲ್ಲಿ ಷಿಕಾಗೊದ ನಿರುದ್ಯೋಗಿಗಳ ನಡುವೆ ಕಮ್ಯುನಿಸ್ಟರು ನಡೆಸಿದ ಪ್ರಚಾರವನ್ನು ಡೊರೊತಿ ಬ್ಲೂಮೆನ್‌ಸ್ಟಾಕ್ ಅವರೊಡನೆ ಅಧ್ಯಯನ ಮಾಡಿದ ಪುಸ್ತಕ 1939ರಲ್ಲಿ ಹೊರಬಂತು. ಮಾತನ್ನು ಅಳತೆಗೆ ಒಗ್ಗಿಸಬಹುದೆಂಬ ನಂಬಿಕೆ ಇಷ್ಟು ಹೊತ್ತಿಗೆ ಅವರಲ್ಲಿ ಗಟ್ಟಿಯಾಗಿತ್ತು.

1938ರಲ್ಲಿ ಅವರು ಷಿಕಾಗೊ ಬಿಟ್ಟರು. ಸಾಮಾನು ಸಾಗಿಸುತ್ತಿದ್ದ ವಾಹನಗಳಿಗೆ ದಾರಿಯಲ್ಲಿ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿ, ಕಡತಗಳು ಸುಟ್ಟುಹೋದವು. ಮನೋವೈದ್ಯ ಹ್ಯಾರಿ ಸ್ಟಾಕ್ ಸಲಿವನ್ ಅವರ ಜೊತೆ ಸೇರಿ ಸಂಶೋಧನೆ ನಡೆಸುವ ಯೋಜನೆಯೂ ಕೈಗೂಡಲಿಲ್ಲ. ಖಾಯಂ ಹುದ್ದೆಯಿಲ್ಲ, ಕಾಗದಪತ್ರವಿಲ್ಲ. ವಿಶ್ವವಿದ್ಯಾಲಯದ ನೆರಳಿಲ್ಲದ ಈ ಹೊತ್ತಿನಲ್ಲೇ ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು.

ಅಮೆರಿಕದಲ್ಲಿ ಆ ಹೊತ್ತಿಗೆ ಪ್ರಚಾರವನ್ನು ಅಧ್ಯಯನ ಮಾಡುವ ಎರಡು ದಾರಿಗಳು ಎದುರುಬದುರಾಗಿದ್ದವು. ಒಂದು, 1937ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿದ್ದ ಪ್ರಚಾರ ವಿಶ್ಲೇಷಣಾ ಸಂಸ್ಥೆಯದು. ಕೊಲಂಬಿಯಾದ ಶಿಕ್ಷಕರ ಕಾಲೇಜಿನ ಕ್ಲೈಡ್ ಮಿಲ್ಲರ್ ಅದರ ಮುಂದಾಳು, ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ ಹಣ ಕೊಟ್ಟವರು. ಪ್ರಚಾರಕರು ಬಳಸುವ ಏಳು ತಂತ್ರಗಳನ್ನು ಅದು ಗುರುತಿಸಿತು: ಎದುರಾಳಿಗೆ ಕೆಟ್ಟ ಹೆಸರು ಅಂಟಿಸುವುದು, ಹೊಳೆಯುವ ಪದಗಳಲ್ಲಿ ತೇಲಿಸುವುದು, ಪೂಜ್ಯವಾದದ್ದರ ಹೆಸರಲ್ಲಿ ತಮ್ಮ ಸರಕು ಮಾರುವುದು, ಗಣ್ಯರಿಂದ ಹೊಗಳಿಸುವುದು, ನಾನೂ ನಿಮ್ಮಂಥವನೇ ಎನ್ನುವುದು, ಬೇಕಾದ್ದನ್ನಷ್ಟೇ ತೋರಿಸುವುದು, ಎಲ್ಲರೂ ಬರುತ್ತಿದ್ದಾರೆ ನೀನೂ ಬಾ ಎನ್ನುವುದು. ಶಾಲಾಮಕ್ಕಳೂ ಪತ್ರಿಕೆ ಓದುವಾಗ, ರೇಡಿಯೊ ಕೇಳುವಾಗ ಇವನ್ನು ತಾವೇ ಪತ್ತೆಹಚ್ಚಲಿ ಎಂಬುದು ಆಶಯ. ಇಲ್ಲಿ ವಿಶ್ಲೇಷಕ ಎಂದರೆ ಓದುಗನೇ.

ಇನ್ನೊಂದು ದಾರಿ ರಾಕ್‌ಫೆಲರ್ ಪ್ರತಿಷ್ಠಾನದ ಕೋಣೆಯಲ್ಲಿ ತೆರೆಯಿತು. ಅಲ್ಲಿನ ಅಧಿಕಾರಿ ಜಾನ್ ಮಾರ್ಷಲ್ 1939ರ ಸೆಪ್ಟೆಂಬರ್‌ನಿಂದ ಕೆಲವು ವಿದ್ವಾಂಸರನ್ನು ನ್ಯೂಯಾರ್ಕಿಗೆ ಕರೆಸಿ ಮೇಲಿಂದ ಮೇಲೆ ಸಭೆ ನಡೆಸಿದರು. ರೇಡಿಯೊ ಸಂಶೋಧನೆಯ ಪಾಲ್ ಲಾಜರ್ಸ್‌ಫೆಲ್ಡ್, ಜನಾಭಿಪ್ರಾಯ ಅಳೆಯುತ್ತಿದ್ದ ಹ್ಯಾಡ್ಲಿ ಕ್ಯಾಂಟ್ರಿಲ್, ಸಾಹಿತ್ಯ ವಿಮರ್ಶಕ ಐ.ಎ. ರಿಚರ್ಡ್ಸ್, ಸಮಾಜಶಾಸ್ತ್ರಜ್ಞ ರಾಬರ್ಟ್ ಲಿಂಡ್, ಇವರೊಡನೆ ಲಾಸ್‌ವೆಲ್. ಯುದ್ಧ ಅಮೆರಿಕದ ಬಾಗಿಲಿಗೆ ಬಂದರೆ ಜನರಿಗೆ ಏನು ಹೇಳಬೇಕು, ಹೇಳಿದ್ದು ತಲುಪಿತೋ ಇಲ್ಲವೋ ಎಂದು ಸರ್ಕಾರ ಹೇಗೆ ತಿಳಿಯಬೇಕು ಎಂಬುದು ಅವರ ಎದುರಿಗಿದ್ದ ಪ್ರಶ್ನೆ. ಸಂಶೋಧನೆಯನ್ನು ಯಾರು, ಏನನ್ನು, ಯಾರಿಗೆ, ಯಾವ ಪರಿಣಾಮದೊಂದಿಗೆ ಎಂಬ ಪ್ರಶ್ನೆಗಳ ಸುತ್ತ ಕಟ್ಟಬೇಕೆಂಬ ಟಿಪ್ಪಣಿ 1940ರಲ್ಲಿ ಸಿದ್ಧವಾಯಿತು. ನಮ್ಮ ವಿದ್ಯಾರ್ಥಿಗಳು ಉರುಹೊಡೆಯುವ ಸೂತ್ರದ ಜನ್ಮಸ್ಥಳ ಇದು.

ಈ ಕೆಲಸದ ಬಗ್ಗೆ ಪ್ರತಿಷ್ಠಾನದ ಒಳಗೇ ಅಳುಕಿತ್ತು. ಜನರ ಮನಸ್ಸನ್ನು ಮೇಲಿನಿಂದ ಅಳೆದು ತಿದ್ದುವ ವ್ಯವಸ್ಥೆ ಸರ್ವಾಧಿಕಾರಿಗಳ ವ್ಯವಸ್ಥೆಗಿಂತ ಎಷ್ಟು ಬೇರೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಆದರೆ ಫ್ರಾನ್ಸ್ ಬಿದ್ದಿತ್ತು, ಲಂಡನ್ ಮೇಲೆ ಬಾಂಬ್ ಸುರಿಯುತ್ತಿತ್ತು. ಅನುಮಾನಗಳನ್ನು ಬಗೆಹರಿಸಿಕೊಂಡು ಮುಂದುವರಿಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. 1942ರ ಆರಂಭದಲ್ಲಿ ಪ್ರಚಾರ ವಿಶ್ಲೇಷಣಾ ಸಂಸ್ಥೆ ತನ್ನ ಕೆಲಸ ನಿಲ್ಲಿಸಿತು. ಯುದ್ಧದಲ್ಲಿರುವ ಸರ್ಕಾರದ ಮಾತನ್ನೂ ಶತ್ರುವಿನ ಮಾತಿನಂತೆಯೇ ಒರೆಗೆ ಹಚ್ಚುವ ವಿದ್ಯೆಗೆ ಆಗ ಅಮೆರಿಕದಲ್ಲಿ ಜಾಗ ಉಳಿಯಲಿಲ್ಲ. ಅದೇ ಹೊತ್ತಿಗೆ ಲಾಸ್‌ವೆಲ್ ಅವರ ಕಚೇರಿಯಲ್ಲಿ ಕೈತುಂಬ ಕೆಲಸ.

ಆ ಕಚೇರಿ ಇದ್ದದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಕವಿ ಆರ್ಚಿಬಾಲ್ಡ್ ಮೆಕ್ಲೀಶ್ ಆಗ ಅಲ್ಲಿನ ಮುಖ್ಯ ಗ್ರಂಥಪಾಲಕರು. ಯುದ್ಧಕಾಲದ ಸಂವಹನವನ್ನು ಅಧ್ಯಯನ ಮಾಡುವ ಪ್ರಾಯೋಗಿಕ ವಿಭಾಗ ಎಂಬ ಉದ್ದ ಹೆಸರಿನ ಈ ಘಟಕಕ್ಕೆ ಹಣ ರಾಕ್‌ಫೆಲರ್ ಪ್ರತಿಷ್ಠಾನದ್ದು, ಪ್ರಯೋಜನ ಸರ್ಕಾರದ್ದು, ನಿರ್ದೇಶಕರು ಲಾಸ್‌ವೆಲ್.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಲವು ದೇಶಗಳ ಪತ್ರಿಕೆಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಓದುವವರ ಕೈಯಲ್ಲಿ ಒಂದು ಪಟ್ಟಿ: ಬ್ರಿಟನ್, ಜರ್ಮನಿ, ರೂಸ್‌ವೆಲ್ಟ್, ಪ್ರಜಾಪ್ರಭುತ್ವ, ಸ್ವಾತಂತ್ರ್ಯ ಇತ್ಯಾದಿ ಹೆಸರುಗಳು ಮತ್ತು ಪದಗಳು. ಇವನ್ನು ಅವರು ಸಂಕೇತಗಳು ಎನ್ನುತ್ತಿದ್ದರು. ಸಂಕೇತ ಕಂಡಾಗಲೆಲ್ಲ ಒಂದು ಗೆರೆ. ಅಷ್ಟಕ್ಕೇ ಮುಗಿಯಲಿಲ್ಲ. ಆ ವಾಕ್ಯದಲ್ಲಿ ಸಂಕೇತಕ್ಕೆ ಲಾಭವಾಗಿದೆಯೋ ನಷ್ಟವಾಗಿದೆಯೋ ಎಂದೂ ಗುರುತು ಹಾಕಬೇಕು. ಬ್ರಿಟನ್ನಿನ ಹಡಗು ಮುಳುಗಿತು ಎಂದಿದ್ದರೆ ಬ್ರಿಟನ್ ಹೆಸರಿನ ಎದುರು ನಷ್ಟ, ಅದೂ ಬಲದ ವಿಚಾರದಲ್ಲಿ. ಬ್ರಿಟನ್ ಮಾತಿಗೆ ತಪ್ಪಿತು ಎಂದಿದ್ದರೆ ಆಗಲೂ ನಷ್ಟ, ಆದರೆ ನೀತಿಯ ವಿಚಾರದಲ್ಲಿ. ಕಿರಾಣಿ ಅಂಗಡಿಯ ಖಾತೆಪುಸ್ತಕದಲ್ಲಿ ಜಮಾ, ಖರ್ಚು ಬರೆದ ಹಾಗೆ ಜಗತ್ತಿನ ಮಾತೆಲ್ಲ ಅಂಕಣಗಳಲ್ಲಿ ಕೂರುತ್ತಿತ್ತು. ಒಂದೇ ಪುಟವನ್ನು ಬೇರೆ ಬೇರೆಯವರಿಗೆ ಕೊಟ್ಟು, ಅವರ ಗುರುತುಗಳು ಎಷ್ಟರಮಟ್ಟಿಗೆ ತಾಳೆಯಾಗುತ್ತವೆ ಎಂದೂ ಪರೀಕ್ಷಿಸುತ್ತಿದ್ದರು. ಓದುವವನ ಒಲವು ಲೆಕ್ಕವನ್ನು ಕೆಡಿಸಬಾರದೆಂಬ ಕಾಳಜಿ ಅದು. ಇಂದು ವಿಷಯ ವಿಶ್ಲೇಷಣೆ ಎಂಬ ಹೆಸರಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಮಾಡುವ ಕೆಲಸದ ಕ್ರಮವೆಲ್ಲ ಹದಗೊಂಡದ್ದು ಈ ಮೇಜುಗಳ ಮೇಲೆ. ನೇಥನ್ ಲೈಟ್ಸ್, ಅಬ್ರಹಾಂ ಕಪ್ಲನ್, ಇರ್ವಿಂಗ್ ಜಾನಿಸ್, ಇಥಿಯಲ್ ಡಿ ಸೋಲಾ ಪೂಲ್ ಮೊದಲಾದ, ಮುಂದೆ ದೊಡ್ಡ ಹೆಸರು ಮಾಡಿದ ತರುಣರು ಇಲ್ಲಿ ಪಳಗಿದರು.

ಇಲ್ಲಿ ಪಳಗಿದ ವಿಧಾನ ಸರ್ಕಾರದ ಬೇರೆ ಬೇರೆ ಕಚೇರಿಗಳಿಗೂ ಹರಡಿತು. ಪರದೇಶದ ರೇಡಿಯೊ ಕೇಳಿ ವರದಿ ಮಾಡುವ ಘಟಕವೊಂದು 1941ರಲ್ಲೇ ಶುರುವಾಗಿತ್ತು. 1942ರಲ್ಲಿ ಯುದ್ಧ ಮಾಹಿತಿ ಕಚೇರಿ ಬಂತು. ನ್ಯಾಯಾಂಗ ಇಲಾಖೆಯಲ್ಲೂ ದೇಶದೊಳಗಿನ ಪ್ರಚಾರವನ್ನು ಗಮನಿಸುವ ವಿಶೇಷ ಘಟಕವಿತ್ತು. ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು 1938ರಲ್ಲಿ ಜಾರಿಯಾಗಿತ್ತು. ಯಾರು ಯಾರ ಪರ ಬರೆಯುತ್ತಿದ್ದಾರೆಂದು ಕೋರ್ಟಿನಲ್ಲಿ ತೋರಿಸಲು ಆ ಇಲಾಖೆಗೆ ಲಾಸ್‌ವೆಲ್ ಅವರ ನೆರವು ಬೇಕಾಯಿತು. ಗುಪ್ತ ಪ್ರಚಾರವನ್ನು ಪತ್ತೆಹಚ್ಚಲು ಅವರು ಕೆಲವು ಪರೀಕ್ಷೆಗಳನ್ನು ರೂಪಿಸಿಕೊಟ್ಟರು: ಬರಹಗಾರ ತಾನು ಯಾರ ಪರವೆಂದು ಬಾಯಿಬಿಟ್ಟು ಹೇಳಿದ್ದಾನೆಯೆ, ಅವನ ಮಾತು ಗೊತ್ತಿರುವ ಪ್ರಚಾರದ ಮಾತಿಗೆ ಸಮಾನಾಂತರವಾಗಿದೆಯೆ, ಮೂಲವನ್ನು ಬಚ್ಚಿಡುತ್ತಾನೆಯೆ, ವಿಷಯವನ್ನು ಒಂದೇ ಕಡೆಗೆ ತಿರುಚುತ್ತಾನೆಯೆ ಎಂಬಂಥವು. ಪೆಲ್ಲಿಯ ಪ್ರಕರಣದಲ್ಲಿ ಅವರು ಓದಿಹೇಳಿದ ಲೆಕ್ಕ ಬಂದದ್ದು ಈ ವಿಧಾನದಿಂದ.

ಪೆಲ್ಲಿಯ ಬರಹ ವಿಷ ಕಾರುವ ಬರಹವೇ, ಅದರಲ್ಲಿ ಅನುಮಾನವಿಲ್ಲ. ಯಹೂದಿ ದ್ವೇಷ ಆ ವರ್ಷಗಳಲ್ಲಿ ಯುರೋಪಿನಲ್ಲಿ ಏನು ಮಾಡುತ್ತಿತ್ತೆಂಬುದು ಜಗತ್ತಿಗೆ ಗೊತ್ತಿದೆ. ಪ್ರಶ್ನೆ ಇರುವುದು ವಿಧಾನದಲ್ಲಿ. ಇಬ್ಬರು ಒಂದೇ ಮಾತು ಆಡಿದರೆ ಒಬ್ಬನು ಇನ್ನೊಬ್ಬನ ಕೈಗೊಂಬೆ ಎಂದು ಸಾಬೀತಾಗುತ್ತದೆಯೆ? ವಿಚಾರಣೆ ನಡೆದ ಅದೇ 1942ರ ಆಗಸ್ಟ್‌ನಲ್ಲಿ ಮುಂಬಯಿಯ ಗೊವಾಳಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ‘ಭಾರತ ಬಿಟ್ಟು ತೊಲಗಿ’ ನಿರ್ಣಯ ಮಾಡಿತು. ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿತು, ಆ ಹೋರಾಟದ ಸಂಬಂಧ ಆ ಊರಿನ ಐವರು ಮರುವರ್ಷ ಗಲ್ಲಿಗೇರಿದರು. ಬ್ರಿಟನ್ ಅನ್ಯಾಯ ಮಾಡುತ್ತಿದೆ ಎಂದು ಈಸೂರಿನವರೂ ಹೇಳಿದರು, ಬರ್ಲಿನ್ ರೇಡಿಯೊ ಕೂಡ ಹೇಳುತ್ತಿತ್ತು. ಇಂಡಿಯಾನಾಪೊಲಿಸ್‌ನಲ್ಲಿ ಬಳಸಿದ ಪಟ್ಟಿಯನ್ನು ಆ ತಿಂಗಳುಗಳ ನಮ್ಮ ರಾಷ್ಟ್ರೀಯ ಪತ್ರಿಕೆಗಳ ಮೇಲೆ ಇಟ್ಟಿದ್ದರೆ ಬ್ರಿಟನ್ನಿಗೆ ಸಂಬಂಧಿಸಿದ ಅಂಕಣಗಳಲ್ಲಿ ಗೆರೆಗಳ ಸಾಲೇ ಬೀಳುತ್ತಿತ್ತು. ಮಾತು ಹೊಂದುವುದನ್ನು ಎಣಿಕೆ ತೋರಿಸಬಲ್ಲುದು. ಆ ಮಾತು ಆಳುವವರ ದಬ್ಬಾಳಿಕೆ ಉಂಡವನ ಬಾಯಿಂದ ಬಂತೋ ನಾಜಿ ಭಕ್ತನ ಬಾಯಿಂದ ಬಂತೋ ಎಂಬುದನ್ನು ಅದು ತೋರಿಸಲಾರದು.

ಈ ಅಪಾಯದ ಒಂದು ರೂಪವನ್ನು ಲಾಸ್‌ವೆಲ್ ಸ್ವತಃ ಕಂಡಿದ್ದರು. 1941ರ ಜನವರಿಯಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೋಷಿಯಾಲಜಿ’ಯಲ್ಲಿ ಅವರು ‘ದಿ ಗ್ಯಾರಿಸನ್ ಸ್ಟೇಟ್’ ಎಂಬ ಲೇಖನ ಬರೆದರು. ಯುದ್ಧದ ಭಯ ಶಾಶ್ವತವಾದರೆ ವ್ಯಾಪಾರಿಗಳ, ಜನಪ್ರತಿನಿಧಿಗಳ ಕೈಯಿಂದ ಅಧಿಕಾರ ಜಾರಿ ಹಿಂಸೆಯ ತಜ್ಞರ ಕೈ ಸೇರಬಹುದು, ದೇಶವೇ ದಂಡಿನ ಪಾಳೆಯವಾಗಬಹುದು, ಅಲ್ಲಿ ಜನರ ಮನಸ್ಸನ್ನು ಹದದಲ್ಲಿಡಲು ಸಂಕೇತಗಳ ಬಳಕೆ ಆಳುವವರಿಗೆ ಮುಖ್ಯ ಅಸ್ತ್ರವಾಗಬಹುದು ಎಂಬುದು ಅದರ ತಿರುಳು. ಈ ವಿಚಾರವನ್ನು ಅವರು ಚೀನಾ ಮತ್ತು ಜಪಾನ್ ಬಿಕ್ಕಟ್ಟಿನ ಸಂದರ್ಭದಲ್ಲಿ, 1937ರಲ್ಲೇ ಒಮ್ಮೆ ಮಂಡಿಸಿದ್ದರು. ಈ ಎಚ್ಚರಿಕೆ ಬರೆದ ದಿನಗಳಲ್ಲೇ ಸಂಕೇತಗಳನ್ನು ಎಣಿಸಿ ಸರ್ಕಾರಕ್ಕೆ ಒಪ್ಪಿಸುವ ಕಚೇರಿಯನ್ನೂ ಅವರು ಕಟ್ಟುತ್ತಿದ್ದರು. ಇದನ್ನು ಇಬ್ಬಂದಿತನವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಹಿಟ್ಲರ್ ಗೆದ್ದರೆ ಉಳಿಯುವುದೇನೂ ಇಲ್ಲವೆಂದು ಅವರು ನಂಬಿದ್ದರು. ಪ್ರಜಾಪ್ರಭುತ್ವವನ್ನು ಕಾಯಲು ಜ್ಞಾನ ಬೇಕು, ಆ ಜ್ಞಾನ ಸರ್ಕಾರದ ಹತ್ತಿರವಿದ್ದರೆ ಕಾಯುವುದು ಸುಲಭ ಎಂಬುದು ಅವರ ತರ್ಕ. ಆ ತರ್ಕ ಯುದ್ಧ ಮುಗಿದ ಮೇಲೂ ಮುಂದುವರಿಯಿತು ಎಂಬುದೇ ಕಥೆಯ ಮುಖ್ಯ ತಿರುವು.

1946ರಲ್ಲಿ ಲಾಸ್‌ವೆಲ್ ಯೇಲ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಪ್ರಾಧ್ಯಾಪಕರಾದರು. 1948ರಲ್ಲಿ, ಲೈಮನ್ ಬ್ರೈಸನ್ ಸಂಪಾದಿಸಿದ ಸಂಕಲನವೊಂದರಲ್ಲಿ, ಯುದ್ಧದ ಹೊಸ್ತಿಲಲ್ಲಿ ರೂಪುಗೊಂಡಿದ್ದ ಪ್ರಶ್ನೆಗಳಿಗೆ ಮಾಧ್ಯಮದ ಪ್ರಶ್ನೆಯನ್ನೂ ಸೇರಿಸಿ ಐದು ಪ್ರಶ್ನೆಗಳ ಪ್ರಸಿದ್ಧ ಸೂತ್ರವಾಗಿ ಪ್ರಕಟಿಸಿದರು. ಸಮಾಜದಲ್ಲಿ ಸಂವಹನಕ್ಕೆ ಮೂರು ಕೆಲಸಗಳಿವೆ ಎಂದೂ ಅಲ್ಲಿ ಹೇಳಿದರು: ಸುತ್ತಲಿನ ಪರಿಸರದ ಮೇಲೆ ಕಣ್ಣಿಡುವುದು, ಅದಕ್ಕೆ ಸ್ಪಂದಿಸಲು ಸಮಾಜದ ಭಾಗಗಳನ್ನು ಹೊಂದಿಸುವುದು, ಪರಂಪರೆಯನ್ನು ಮುಂದಿನ ಪೀಳಿಗೆಗೆ ದಾಟಿಸುವುದು. ಕಣ್ಣಿಡುವುದೇ ಪಟ್ಟಿಯಲ್ಲಿ ಮೊದಲನೆಯದಾಗಿ ಬಂದದ್ದು, ಆ ವರ್ಷಗಳನ್ನು ಅವರು ಎಲ್ಲಿ ಕಳೆದರೆಂದು ಬಲ್ಲವರಿಗೆ ಆಶ್ಚರ್ಯ ತರುವುದಿಲ್ಲ. ಅದೇ ವರ್ಷಗಳಲ್ಲಿ ಸ್ಟ್ಯಾನ್‌ಫರ್ಡಿನ ಹೂವರ್ ಸಂಸ್ಥೆಯಲ್ಲಿ ದೊಡ್ಡ ಯೋಜನೆಯೊಂದು ನಡೆಯಿತು. ಲಂಡನ್ನಿನ ‘ಟೈಮ್ಸ್’, ‘ನ್ಯೂಯಾರ್ಕ್ ಟೈಮ್ಸ್’, ಮಾಸ್ಕೋದ ‘ಇಜ್ವೆಸ್ತಿಯಾ’ ಸೇರಿದಂತೆ ಐದು ದೇಶಗಳ ಪ್ರತಿಷ್ಠಿತ ಪತ್ರಿಕೆಗಳಲ್ಲಿ 1890ರಿಂದ 1949ರವರೆಗೆ ಬಂದ 19,000ಕ್ಕೂ ಹೆಚ್ಚು ಸಂಪಾದಕೀಯಗಳನ್ನು ಓದಿ ಎಣಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಮನುಷ್ಯರ ಕಣ್ಣಿನಿಂದಲೇ.

ಸರ್ಕಾರಕ್ಕೆ ಇಷ್ಟು ಹತ್ತಿರವಿದ್ದವರನ್ನೂ ಸರ್ಕಾರ ಅನುಮಾನಿಸದೆ ಬಿಡಲಿಲ್ಲ. ಶೀತಲ ಸಮರದ ಬಿಸಿಯಲ್ಲಿ, 1951ರಲ್ಲಿ, ಭದ್ರತಾ ಪರಿಶೀಲನೆಯವರು ಲಾಸ್‌ವೆಲ್ ಅವರಿಗೇ ಕಮ್ಯುನಿಸ್ಟ್ ನಂಟಿದೆಯೇ ಎಂದು ಪ್ರಶ್ನಿಸಿದರು. ಅವರು ದೀರ್ಘ ಸಮಜಾಯಿಷಿ ಬರೆದು ಪಾರಾದರು. ಕಮ್ಯುನಿಸ್ಟ್ ಪ್ರಚಾರವನ್ನು ವಿದ್ವಾಂಸನಾಗಿ ಓದಿದವನ ಮೇಲೂ ಅದರ ನೆರಳು ಬೀಳಬಹುದೆಂಬ ಅನುಭವ ಅದು. ಆಮೇಲೂ ಅವರ ಏಳಿಗೆ ನಿಲ್ಲಲಿಲ್ಲ. 1955ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಅಧ್ಯಕ್ಷರಾದರು. ಸರ್ಕಾರದ ತೀರ್ಮಾನಗಳಿಗೆ ಎಲ್ಲ ವಿದ್ಯೆಗಳ ನೆರವು ಒದಗಿಸುವ ನೀತಿ ವಿಜ್ಞಾನವನ್ನು ಕಟ್ಟುವುದರಲ್ಲಿ ಉಳಿದ ವರ್ಷಗಳನ್ನು ಕಳೆದರು. 1978ರ ಡಿಸೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಜಗತ್ತಿನ ಇತಿಹಾಸದುದ್ದಕ್ಕೂ ಪ್ರಚಾರ ಹೇಗೆ ನಡೆದುಬಂತೆಂದು ಹೇಳುವ ಮೂರು ಸಂಪುಟಗಳು, ಡೇನಿಯಲ್ ಲರ್ನರ್ ಮತ್ತು ಹಾನ್ಸ್ ಸ್ಪೈಯರ್ ಜೊತೆ ಸಂಪಾದಿಸಿದವು, ಅವರು ಹೋದ ಮೇಲೆ ಅಚ್ಚಾದವು.

ಈ ವಿದ್ಯೆ ನಮ್ಮಲ್ಲಿಗೆ ಬಂದ ದಾರಿಯೂ ಇದೇ ಬಳಗದ ಮೂಲಕ ಹಾದಿದೆ. ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರಿ ಮಾಹಿತಿ ಕಚೇರಿಗಳಲ್ಲಿ ದುಡಿದಿದ್ದ ವಿಲ್ಬರ್ ಶ್ರಾಮ್ ಮುಂದೆ ಸಂವಹನ ಅಧ್ಯಯನಕ್ಕೆ ವಿಶ್ವವಿದ್ಯಾಲಯಗಳಲ್ಲಿ ನೆಲೆ ಒದಗಿಸಿದರು. ಆ ಶಾಸ್ತ್ರದ ನಾಲ್ವರು ಮೂಲಪುರುಷರಲ್ಲಿ ಲಾಸ್‌ವೆಲ್ ಒಬ್ಬರೆಂದು ಹೆಸರಿಸಿದವರೂ ಅವರೇ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1963ರಲ್ಲಿ ಭಾರತಕ್ಕೆ ಬಂದ ತಜ್ಞರ ತಂಡದಲ್ಲಿ ಶ್ರಾಮ್ ಇದ್ದರು. ಆ ತಂಡದ ಶಿಫಾರಸಿನ ಫಲವಾಗಿ 1965ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಭಾರತೀಯ ಜನಸಂಪರ್ಕ ಸಂಸ್ಥೆ ಆರಂಭವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರ ಮುಂದಾಳತ್ವದಲ್ಲಿ ಪತ್ರಿಕೋದ್ಯಮದ ಪಾಠ 1951ರಲ್ಲೇ ಶುರುವಾಗಿತ್ತು. ಸುದ್ದಿ ಬರೆಯುವ, ಪುಟ ಕಟ್ಟುವ ಕಸುಬಿನ ಪಾಠದ ಜೊತೆಗೆ ಐದು ಪ್ರಶ್ನೆಗಳೂ ಕ್ರಮೇಣ ಕರ್ನಾಟಕದ ಪಠ್ಯಕ್ರಮಗಳಲ್ಲಿ ಜಾಗ ಪಡೆದವು.

ಆ ಪ್ರಶ್ನೆಗಳಲ್ಲಿ ಕೊನೆಯದನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದ ಸಂದರ್ಭವೂ ನಮ್ಮ ನೆಲದಲ್ಲೇ ಒದಗಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಸಂಜೆ ಹೊತ್ತು ಜನ ಸಮುದಾಯದ ಟಿವಿಯ ಮುಂದೆ ಸೇರಿ ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಕನ್ನಡ ಕಾರ್ಯಕ್ರಮ ನೋಡಿದರು. ಯಾರು ನೋಡಿದರು, ಎಷ್ಟು ನೆನಪಿಟ್ಟರು, ಏನು ಬದಲಾಯಿತು ಎಂದು ಸಂಶೋಧಕರು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಆ ವರ್ಷ ಪೂರ್ತಿ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ಪತ್ರಿಕೆಗಳಿಗೆ ಸೆನ್ಸಾರ್, ನಾಲ್ಕು ಸುದ್ದಿಸಂಸ್ಥೆಗಳನ್ನು ಬೆಸೆದು ಮಾಡಿದ ಒಂದೇ ‘ಸಮಾಚಾರ್’. ಆ ಅವಧಿಯಲ್ಲಿ ಸಮೂಹ ಮಾಧ್ಯಮಗಳನ್ನು ಹೇಗೆ ದುರ್ಬಳಕೆ ಮಾಡಲಾಯಿತೆಂದು ದಾಖಲಿಸಿದ ಶ್ವೇತಪತ್ರ 1977ರ ಆಗಸ್ಟ್‌ನಲ್ಲಿ, ಸರ್ಕಾರ ಬದಲಾದ ಮೇಲಷ್ಟೇ ಹೊರಬಂತು. ಹಳ್ಳಿಯವರಿಗೆ ಎಷ್ಟು ಅರ್ಥವಾಯಿತೆಂದು ಅಳೆಯುವ ವ್ಯವಸ್ಥೆ ಆ ವರ್ಷ ಇತ್ತು. ಸರ್ಕಾರ ಏನು ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂದು ಅಷ್ಟೇ ಶಿಸ್ತಿನಿಂದ ಅಳೆದು ಜನರ ಮುಂದಿಡುವ ವ್ಯವಸ್ಥೆ ಇರಲಿಲ್ಲ.

ಈ ಕೊರತೆ ತುಂಬಲು ಬೇಕಾದ ಸಾಧನವನ್ನು ಲಾಸ್‌ವೆಲ್ ಅವರೇ ಕೊಟ್ಟಿದ್ದಾರೆ. ಅವರ ಕಚೇರಿಯಲ್ಲಿ ಆ ಪಟ್ಟಿ, ಆ ಅಂಕಣಗಳು ಬಹುಪಾಲು ಶತ್ರುವಿನ ಕಡೆಗೆ ಮತ್ತು ಸಂಶಯಕ್ಕೆ ಗುರಿಯಾದವರ ಕಡೆಗೆ ಮುಖಮಾಡಿದ್ದವು. ಅವನ್ನು ಬೇರೆ ಕಡೆಗೆ ತಿರುಗಿಸಲು ಯಾವ ಅಡ್ಡಿಯೂ ಇಲ್ಲ. ನಮ್ಮ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಪ್ರಕಟಣೆಗಳು, ಚುನಾವಣೆ ಹತ್ತಿರವಾದಾಗ ಪತ್ರಿಕೆಗಳ ಮುಖಪುಟ ಆವರಿಸುವ ಸರ್ಕಾರಿ ಜಾಹೀರಾತುಗಳು, ಬಸ್‌ಸ್ಟ್ಯಾಂಡಿನ ಫಲಕಗಳು, ಮಂತ್ರಿಗಳ ಕಚೇರಿಯಿಂದ ಮೊಬೈಲಿಗೆ ಬರುವ ವಿಡಿಯೊಗಳು ಎಲ್ಲವೂ ಎಣಿಸಲು ಒದಗುವ ಸಾಮಗ್ರಿಯೇ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಖರ್ಚಿನ ಲೆಕ್ಕವನ್ನೂ ಕೇಳಬಹುದು. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರಿನ ವಿಭಾಗಗಳಲ್ಲಿ ಪ್ರತಿವರ್ಷ ಬರೆಯುವ ಕಿರುಪ್ರಬಂಧಗಳಲ್ಲಿ ಕೆಲವನ್ನಾದರೂ ಇದಕ್ಕೆ ಮೀಸಲಿಟ್ಟು, ಫಲಿತಾಂಶವನ್ನು ಕಪಾಟಿನಲ್ಲಿಡದೆ ಕನ್ನಡ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಬೇಕು. 1942ರಲ್ಲಿ ಬಾಗಿಲು ಮುಚ್ಚಿದ ನ್ಯೂಯಾರ್ಕಿನ ಆ ಸಂಸ್ಥೆ ಶಾಲಾಮಕ್ಕಳಿಗೆ ಕಲಿಸಲು ಹೊರಟಿದ್ದ ಕೆಲಸ ಅಲ್ಲಿಂದ ಮುಂದುವರಿಯಬಹುದು.